ಮಳೆ ನಿಲ್ಲುವ ತನಕ

ವಿಲ್ಸನ್ ಗಾರ್ಡನ್ನಿನ ಆ ಗ್ಯಾರೇಜಿಗೆ ಬೋರ್ಡಿಲ್ಲ. ಭಾನುವಾರ ಮಧ್ಯಾಹ್ನ ಷಟರ್ ಅರ್ಧ ಎದ್ದಿದ್ದರೆ ಯಜಮಾನರು ಒಳಗಿದ್ದಾರೆ ಅಂತ ಲೆಕ್ಕ. ಬೀದಿಗೆಲ್ಲ ಅವರು ದೊಡ್ಡಪ್ಪ, ನನಗೂ. ಅಂದು ನನ್ನ ಯೆಜ್ಡಿಯ ಕಾರ್ಬುರೇಟರ್ ಬಿಚ್ಚಿ, ಜೆಟ್ಟು, ಫ್ಲೋಟು, ಸೂಜಿ ಎಲ್ಲವನ್ನೂ ಒಂದು ಸ್ಟೀಲ್ ತಟ್ಟೆಯ ಪೆಟ್ರೋಲಿನಲ್ಲಿ ನೆನೆಹಾಕಿ ಕೂತಿದ್ದರು. ತಟ್ಟೆಯ ಅಂಚಿನಲ್ಲಿ ಯಾರದೋ ಮದುವೆಯ ಹೆಸರು, ತಾರೀಖು ಕೊರೆದಿತ್ತು. ಅಡುಗೆಮನೆಯಿಂದ ಅದು ಇಲ್ಲಿಗೆ ಹೇಗೆ ಬಂತು ಎಂದು ನಾನು ಕೇಳಲಿಲ್ಲ.

ಅಷ್ಟರಲ್ಲಿ ಅವರ ತಮ್ಮನ ಮಗಳು ಬಂದಳು. ದೊಡ್ಡ ಸಂಗೀತ ಕಾರ್ಯಕ್ರಮಗಳಿಗೆ ಸೌಂಡ್ ನೋಡಿಕೊಳ್ಳುವುದು ಅವಳ ಕೆಲಸ. ಕೊಯಮತ್ತೂರಿನ ಟ್ರ್ಯಾಕಿನಲ್ಲಿ ಎರಡು ದಿನದ ರೇಸು, ಎರಡೂ ಸಂಜೆ ಬ್ಯಾಂಡು, ಸೌಂಡು ಅವಳ ತಂಡದ್ದು. ಸಿಹಿಸುದ್ದಿ ಅಂತಲೇ ಹೇಳಿದಳು. ದೊಡ್ಡಪ್ಪ ಜೆಟ್ಟಿನ ತೂತನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿಕೊಂಡೇ ಮಾತು ಶುರುಮಾಡಿದರು. ಮುಂದಿನದನ್ನು ನೆನಪಿದ್ದ ಹಾಗೆ ಬರೆದಿದ್ದೇನೆ. ನನ್ನ ಗಾಡಿ ಅಲ್ಲಿ ಬಿಚ್ಚಿಕೊಂಡು ಬಿದ್ದಿದ್ದರಿಂದ ಯಾರ ಪಕ್ಷವನ್ನೂ ವಹಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ದೊಡ್ಡಪ್ಪ: ರೇಸಿಗೆ ಬ್ಯಾಂಡು ಯಾಕಮ್ಮ? ಗಂಡಿನ ಕಡೆಯವರು ಬರ್ತಾರಾ?

ಮಗಳು: ಜನ ಬರಲಿ ಅಂತ. ಹೋದ ಸಲ ನೀವೇ ಅಲ್ವಾ ದೊಡ್ಡಪ್ಪ ಹೇಳಿದ್ದು, ಸ್ಟ್ಯಾಂಡಿನಲ್ಲಿ ಕೂತಿದ್ದೋರೆಲ್ಲ ಓಡಿಸೋ ಹುಡುಗರ ಅಪ್ಪ-ಅಮ್ಮಂದಿರೇ ಅಂತ?

ದೊಡ್ಡಪ್ಪ: ಅಪ್ಪ-ಅಮ್ಮ ಆದರೇನು, ಟ್ರ್ಯಾಕಿನ ಕಡೆ ಮುಖ ಮಾಡಿ ಕೂತಿದ್ದರು. ಅಮೆರಿಕದ ಇಂಡಿಯಾನಾಪೊಲಿಸ್ 500 ನೋಡಿದೀಯಲ್ಲ? ಮೂರನೇ ತಿರುವಿನ ಒಳಮೈದಾನದಲ್ಲಿ ‘ಸ್ನೇಕ್ ಪಿಟ್’ ಅಂತ ಒಂದು ವೇದಿಕೆ. ಬೆಳಿಗ್ಗೆಯಿಂದಲೇ ಡಿಜೆ. ರೇಸ್ ಶುರುವಾದರೂ ಕುಣಿತ ನಿಲ್ಲಲ್ಲ. ಆ ಕಡೆ ಗಂಟೆಗೆ 350 ಕಿಲೋಮೀಟರಿನಲ್ಲಿ ಕಾರು ಹೋಗ್ತಿದೆ, ಈ ಕಡೆ ಅದಕ್ಕೆ ಬೆನ್ನು ಹಾಕಿ ಕೈ ಎತ್ತಿಕೊಂಡು ಕುಣೀತಿದಾರೆ. ಅವರೂ ರೇಸಿಗೆ ಬಂದವರ ಲೆಕ್ಕಕ್ಕೇ ಸೇರ್ತಾರೆ.

ಮಗಳು: ಟಿಕೆಟ್ ದುಡ್ಡು ಟ್ರ್ಯಾಕಿಗೇ ತಾನೆ ಹೋಗೋದು? ಅವರು ಬೆನ್ನು ಹಾಕಿದ್ದಕ್ಕೆ ಕಾರೇನು ನಿಧಾನ ಆಯ್ತಾ?

ದೊಡ್ಡಪ್ಪ: ಕಾರು ನಿಧಾನ ಆಗಲ್ಲ. ನಾಳೆ ಯಾವನೋ ಕೋಟು ಹಾಕಿಕೊಂಡವನು ಲೆಕ್ಕದ ಪುಸ್ತಕ ತೆಗೀತಾನೆ. ಕುಣಿಯೋಕೆ ಬಂದವರು ಇಷ್ಟು, ರೇಸ್ ನೋಡೋಕೆ ಬಂದವರು ಇಷ್ಟು. ಆಮೇಲೆ ಯಾವುದಕ್ಕೆ ಎಷ್ಟು ಜಾಗ, ಎಷ್ಟು ಹೊತ್ತು ಅಂತ ತೀರ್ಮಾನ ಮಾಡೋನು ಅವನೇ.

ಮಗಳು: ನಿಮ್ಮ ಕಾಲದಲ್ಲಿ ಕೋಟಿನವರು ಇರಲಿಲ್ವಾ? ಫಾರ್ಮುಲಾ ಒನ್‌ಗೆ, ಅದೇ ಎಫ್-1ಗೆ, ದಶಕಗಟ್ಟಲೆ ಒಡೆಯನ ಹಾಗಿದ್ದ ಬರ್ನಿ ಎಕಲ್‌ಸ್ಟನ್ 2014ರಲ್ಲಿ ಏನಂದಿದ್ದ ಗೊತ್ತಾ? ಹುಡುಗರನ್ನ ಕಟ್ಟಿಕೊಂಡು ಏನಾಗಬೇಕು, ಅವರೇನು ರೋಲೆಕ್ಸ್ ವಾಚ್ ಕೊಳ್ತಾರಾ, ಕೈತುಂಬ ಕಾಸಿರೋ ಎಪ್ಪತ್ತು ವರ್ಷದವನೇ ವಾಸಿ ಅನ್ನೋ ಅರ್ಥದಲ್ಲಿ. ನಿಮಗೂ ಎಪ್ಪತ್ತಾಯ್ತು. ಕಾಸಿದೆಯಾ?

ದೊಡ್ಡಪ್ಪ: ಎಪ್ಪತ್ತೆರಡು. ಕಾಸು ಇವರನ್ನ ಕೇಳು, ಹೋದ ಸರ್ವೀಸಿಂದೇ ಬಾಕಿ ಇದೆ.

(ಸ್ಪಾನರ್ ನನ್ನ ಕಡೆ ತಿರುಗಿತು. ನಾನು ಕಾಫಿ ಲೋಟ ನೋಡಿದೆ.)

ಮಗಳು: 2017ರಲ್ಲಿ ಲಿಬರ್ಟಿ ಮೀಡಿಯಾ ಅವನ ಕೈಯಿಂದ ಬಿಡಿಸಿಕೊಂಡಿದ್ದೇ ಆ ಮನೋಭಾವ ಬದಲಾಯಿಸೋಕೆ. 2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ಡ್ರೈವ್ ಟು ಸರ್ವೈವ್’ ಅನ್ನೋ ಎಫ್-1 ಸರಣಿ ಬಂತು. ನನ್ನ ಆಫೀಸಿನ ಅರ್ಧ ಹುಡುಗೀರು ಅದನ್ನ ನೋಡಿಯೇ ರೇಸಿಗೆ ಬಿದ್ದವರು.

ದೊಡ್ಡಪ್ಪ: ಅದೇ ಲಿಬರ್ಟಿ ಕೈಲಿ ಆಗಲೇ ಲೈವ್ ನೇಷನ್ನಿನ ದೊಡ್ಡ ಪಾಲಿತ್ತಲ್ಲ, ಅದನ್ನೂ ಹೇಳು. ಪ್ರಪಂಚದ ದೊಡ್ಡ ದೊಡ್ಡ ಸಂಗೀತ ಕಾರ್ಯಕ್ರಮ ನಡೆಸೋ ಕಂಪನಿ. ಛತ್ರದ ಯಜಮಾನನೇ ಅಡುಗೆ ಕಂಟ್ರಾಕ್ಟರೂ ಆದ ಮೇಲೆ ಊಟ ಚೆನ್ನಾಗಿದೆ ಅಂತ ಅವನೇ ಹೇಳಿಕೋಬೇಕು. 2023ರಲ್ಲಿ ಮಯಾಮಿಯಲ್ಲಿ ನೋಡಲಿಲ್ವಾ? ರೇಸಿಗೆ ಮುಂಚೆ ಒಬ್ಬೊಬ್ಬ ಡ್ರೈವರನ್ನೂ ಹೊಗೆಯೊಳಗಿಂದ ನಡೆಸಿಕೊಂಡು ಬಂದರು. ಎಲ್ಎಲ್ ಕೂಲ್ ಜೆ ಕೂಗಿ ಕರೆಯೋದು, ಪಕ್ಕದಲ್ಲಿ ವಿಲ್.ಐ.ಆ್ಯಮ್ ಕೋಲು ಆಡಿಸಿ ವಾದ್ಯದವರನ್ನ ನಡೆಸೋದು. ಆ ಹುಡುಗರ ಮುಖ ನೋಡಬೇಕಿತ್ತು. ಶಾಲೆಯ ವಾರ್ಷಿಕೋತ್ಸವದಲ್ಲಿ ಬಲವಂತಕ್ಕೆ ಹೆಜ್ಜೆ ಹಾಕೋ ಮಕ್ಕಳ ಹಾಗೆ.

ಮಗಳು: ಅದು ಕೆಟ್ಟದಾಗಿತ್ತು, ಒಪ್ಪಿದೆ. ನನ್ನ ಕೆಲಸದ ಕಣ್ಣಿಂದ ನೋಡಿದರೆ ಇನ್ನೂ ಕೆಟ್ಟದು. ಇನ್ನೇನು ಬಿಸಿಲಲ್ಲಿ ಎರಡು ಗಂಟೆ ಸ್ಟೀರಿಂಗ್ ಹಿಡೀಬೇಕಾದವನನ್ನ ಯಾರೂ ಹಾಗೆ ನಿಲ್ಲಿಸಬಾರದು. ಆದರೆ ಕೆಟ್ಟ ಅಡುಗೆ ಆಯ್ತು ಅಂತ ಊಟಾನೇ ಬೇಡ ಅನ್ನೋದಾ?

ದೊಡ್ಡಪ್ಪ: ಶೋಲಾವರಂ ಟ್ರ್ಯಾಕಿನಲ್ಲಿ ಇದ್ಯಾವುದೂ ಇರಲಿಲ್ಲ ಕಣೇ. ರಾತ್ರಿ ರೈಲು, ಬೆಳಿಗ್ಗೆ ಮದ್ರಾಸ್ ಸೆಂಟ್ರಲ್, ಅಲ್ಲಿಂದ ಬಸ್ಸು. ಯುದ್ಧದ ಕಾಲದಲ್ಲಿ ವಿಮಾನ ಇಳಿಸ್ತಿದ್ದ ಪಟ್ಟಿ ಅದು. ನೆರಳಿಲ್ಲ, ನೀರಿಲ್ಲ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ದೂರದ ಗಾಡಿ ನೀರಿನ ಮೇಲೆ ತೇಲಿಕೊಂಡು ಬಂದ ಹಾಗೆ ಕಾಣೋದು. ಹರಳೆಣ್ಣೆ ಸುಟ್ಟ ವಾಸನೆ. ಕಣ್ಣು ಮುಚ್ಚಿಕೊಂಡು ಹೇಳ್ತಿದ್ದೆ, ಇದು ಯಾವ ಗಾಡಿ, ಜೆಟ್ಟು ಸಣ್ಣದಾಯ್ತಾ ದೊಡ್ಡದಾಯ್ತಾ ಅಂತ.

ಮಗಳು: ವಿಜಯ್ ಮಲ್ಯ ಎಫ್-1 ಕಾರು ತಂದು ಓಡಿಸಿದ್ದು ಅಲ್ಲೇ ಅಲ್ವಾ?

ದೊಡ್ಡಪ್ಪ: ಅಲ್ಲೇ. 80ರ ದಶಕ. ಎನ್‌ಸೈನ್ ಅಂತ ಕಾರು. ನಾವೆಲ್ಲ ಅದಕ್ಕೋಸ್ಕರ ಲಾರಿ ಮೇಲೆ ಹತ್ತಿ ನಿಂತಿದ್ವಿ.

ಮಗಳು: ಅದರ ಎದುರಿಗಿದ್ದಿದ್ದು ಇಲ್ಲೇ ಷೆಡ್ಡುಗಳಲ್ಲಿ ಕಟ್ಟಿದ ಕಾರುಗಳು. ಯಾರು ಮುಂದೆ ಹೋಗ್ತಾರೆ ಅಂತ ಮೊದಲೇ ಗೊತ್ತಿತ್ತು. ಆದರೂ ಲಾರಿ ಹತ್ತಿದ್ರಿ. ಅದನ್ನ ರೇಸ್ ಅಂತೀರಾ, ಷೋ ಅಂತೀರಾ?

ದೊಡ್ಡಪ್ಪ: ಇಂಜಿನ್ನಿನ ಷೋ. ಹೊರಗಿಂದ ತಂದು ಅಂಟಿಸಿದ್ದಲ್ಲ. ನಮಗೆ ಬೇಕಾಗಿದ್ದ ಸಂಗೀತ ಸೈಲೆನ್ಸರಿನಿಂದ ಬರೋದು.

ಮಗಳು: ಆ ಸಂಗೀತವೂ ಈಗ ಕುಂದಿದೆ. 2014ರಲ್ಲಿ 2.4 ಲೀಟರಿನ ವಿ8 ಹೋಗಿ 1.6 ಲೀಟರಿನ ಟರ್ಬೊ ಹೈಬ್ರಿಡ್ ಬಂತಲ್ಲ, ಸದ್ದೇ ಇಲ್ಲ ಅಂತ ಜನ ಗೋಳಾಡಿದ್ದು ನೆನಪಿದೆಯಾ? ಮರ್ಸಿಡಿಸ್‌ನವರು ಏನು ಮಾಡಿದರು? ಬಾರ್ಸಿಲೋನಾದ ಟೆಸ್ಟಿನಲ್ಲಿ ಹಿಂದಿನ ಪೈಪಿಗೆ ತುತ್ತೂರಿ ಬಾಯಿ ಕಟ್ಟಿ ಓಡಿಸಿದರು.

ದೊಡ್ಡಪ್ಪ: (ಜೆಟ್ಟು ಕೆಳಗಿಟ್ಟು ನಕ್ಕರು) ನೋಡಿದೆ, ಫೋಟೋ ನೋಡಿದೆ. ನಾದಸ್ವರದ ಬಾಯಿ ಇದ್ದ ಹಾಗೆ! ಅದಾದರೂ ಜೋರಾಯ್ತಾ, ಅದೂ ಇಲ್ಲ.

ಮಗಳು: ನೋಡಿ ಮತ್ತೆ. ನಾನು ಸ್ಪೀಕರ್ ಕಟ್ಟಿದರೆ ಪಾಪ, ಅವರು ಪೈಪಿಗೆ ಕಟ್ಟಿದರೆ ಇಂಜಿನಿಯರಿಂಗು.

ನಗು ನಿಲ್ಲುವ ಹೊತ್ತಿಗೆ ಇಬ್ಬರೂ ಒಂದು ಹಳೆಯ ಭಾನುವಾರಕ್ಕೆ ಬಂದು ನಿಂತಿದ್ದರು: 2011ರ ಅಕ್ಟೋಬರ್ 30. ಅಂದು ಮಧ್ಯಾಹ್ನ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟಿನಲ್ಲಿ ಮೊಟ್ಟಮೊದಲ ಇಂಡಿಯನ್ ಗ್ರ್ಯಾನ್ ಪ್ರಿ. ಅಂದು ಸಂಜೆಯೇ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಬ್ಯಾಂಡು.

ದೊಡ್ಡಪ್ಪ: ನಾನು ಇದೇ ಗ್ಯಾರೇಜಿನಲ್ಲಿ ಟಿವಿ ಇಟ್ಟುಕೊಂಡು ಕೂತಿದ್ದೆ. ವೆಟಲ್ ಗೆದ್ದ, ಸಚಿನ್ ಬಾವುಟ ಬೀಸಿದರು. ಅದಕ್ಕೆ ಎರಡು ದಿನ ಮುಂಚೆ ಪ್ರಾಕ್ಟೀಸಿನಲ್ಲಿ ಟ್ರ್ಯಾಕಿಗೆ ಬೀದಿನಾಯಿ ನುಗ್ಗಿತ್ತು. ಆ ನಾಯಿ ನೋಡಿದಾಗ ನಮ್ಮ ದೇಶದ ರೇಸು ಅಂತ ಖಾತ್ರಿಯಾಯ್ತು.

ಮಗಳು: ನಾನು ಆಗ ಕಾಲೇಜು, ಅರಮನೆ ಮೈದಾನಕ್ಕೆ ಹೋಗಿದ್ದೆ. ನನಗೆ ಅವತ್ತು ರೇಸ್ ಇದೆ ಅಂತಲೂ ಗೊತ್ತಿರಲಿಲ್ಲ. ಮೆಟಾಲಿಕಾ ಅಕ್ಟೋಬರ್ 28ಕ್ಕೆ ಗುರುಗಾಂವ್‌ನಲ್ಲಿ ನುಡಿಸಬೇಕಿತ್ತು, ಆ ರೇಸಿನ ವಾರದ ಸಂಭ್ರಮಕ್ಕೆ ಅಂತಲೇ. ಬ್ಯಾರಿಕೇಡ್ ಸರಿಯಿಲ್ಲ ಅಂತ ತಡೆದರು, ಆಮೇಲೆ ರದ್ದೇ ಆಯ್ತು. ಕಾದು ಕಾದು ಸಿಟ್ಟಿಗೆದ್ದ ಜನ ವೇದಿಕೆ ಹತ್ತಿ ಸಾಮಾನೆಲ್ಲ ಒಡೆದರು. ಹಾಗಾಗಿ ಇಂಡಿಯಾದಲ್ಲಿ ಅವರ ಮೊದಲ ಕಾರ್ಯಕ್ರಮ ಅನ್ನೋ ಹೆಸರು ಬೆಂಗಳೂರಿಗೆ ಸಿಕ್ಕಿತು.

ದೊಡ್ಡಪ್ಪ: ಅದಕ್ಕೇ ಹೇಳೋದು. ರೇಸಿನ ಪಕ್ಕ ಇಟ್ಟ ಸಂಗೀತ ಬಿದ್ದುಹೋಯ್ತು, ರೇಸಿನಿಂದ ಎರಡು ಸಾವಿರ ಕಿಲೋಮೀಟರ್ ದೂರ ಇಟ್ಟಿದ್ದು ನಿಂತಿತು.

ಮಗಳು: ರೇಸೂ ನಿಲ್ಲಲಿಲ್ಲವಲ್ಲ. 2011, 12, 13. ಮೂರೇ ಮೂರು ವರ್ಷ.

ದೊಡ್ಡಪ್ಪ: ಅದು ಜನ ಬರಲಿಲ್ಲ ಅಂತಲ್ಲ. ತೆರಿಗೆ.

ಮಗಳು: ತೆರಿಗೆಯವರು ಕೇಳಿದ್ದೂ ನಮ್ಮ ಜಗಳದ ಪ್ರಶ್ನೇನೇ! ಇದು ಕ್ರೀಡೆಯೋ, ಮನರಂಜನೆಯೋ? ಕೇಂದ್ರದ ಕ್ರೀಡಾ ಇಲಾಖೆ ಮೊದಲೇ ಇದು ಕ್ರೀಡೆಯಲ್ಲ ಅಂತ ಮುಖ ತಿರುಗಿಸಿತ್ತು. ಉತ್ತರ ಪ್ರದೇಶ ಸರ್ಕಾರ ಮನರಂಜನಾ ತೆರಿಗೆ ಮಾಫಿ ಮಾಡಿದರೆ, ಅದನ್ನ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಟಿಕೆಟ್ ದುಡ್ಡಿನ ಶೇಕಡಾ 25ರಷ್ಟನ್ನ ಬೇರೆ ಖಾತೆಯಲ್ಲಿ ಇಡಿ ಅಂತ ಕೋರ್ಟು ಹೇಳಿತು. ಒಂದು ಹಾಡೂ ಇಲ್ಲದ ರೇಸೇ ಕಾನೂನಿನ ಕಣ್ಣಿಗೆ ಮನರಂಜನೆಯ ಹಾಗೆ ಕಂಡ ಮೇಲೆ ನೀವು ಯಾವ ಮಡಿ ಕಾಪಾಡ್ತೀರಿ?

ದೊಡ್ಡಪ್ಪ: ತೆರಿಗೆಯವನು ಮನರಂಜನೆ ಅಂದಮಾತ್ರಕ್ಕೆ ಗೇರ್‌ಬಾಕ್ಸು ಒಪ್ಪಿಕೊಳ್ಳುತ್ತಾ? ಹೋಗಲಿ, ಮಡಿ ಅಲ್ಲ ನನ್ನ ತಕರಾರು. ಹೊತ್ತು. ಎಡ್ಡಿ ಜೋರ್ಡನ್ ಇದ್ದನಲ್ಲ, ಎಫ್-1 ತಂಡದ ಒಡೆಯ, 2025ರಲ್ಲಿ ತೀರಿಕೊಂಡ. ಸಿಲ್ವರ್‌ಸ್ಟೋನಿನಲ್ಲಿ ರೇಸ್ ಮುಗಿದ ಸಂಜೆ ತಾನೇ ಡ್ರಮ್ಸ್ ಬಾರಿಸ್ತಿದ್ದ. ಡ್ರೈವರ್ ಡೇಮನ್ ಹಿಲ್ ಗಿಟಾರ್ ಹಿಡೀತಿದ್ದ. ಅದನ್ನ ನಾನು ಬೇಡ ಅಂದೆನಾ? ತೇರು ನೆಲೆ ನಿಂತ ಮೇಲೆ ಏನು ಬೇಕಾದರೂ ಆಡಿಕೊಳ್ಳಲಿ. ಕಡಲೆಪುರಿ ಅಂಗಡಿಯವನ ಗಡಿಯಾರ ನೋಡಿ ತೇರು ಎಳೀಬಾರದು.

ಮಗಳು: ಯಾರು ಹಾಗೆ ಎಳೆದರು?

ದೊಡ್ಡಪ್ಪ: ಲಾಸ್ ವೇಗಸ್! 2023ರ ನವೆಂಬರ್. ಬುಧವಾರ ರಾತ್ರಿ ಹಾಡು, ಕುಣಿತ, ಡ್ರೈವರುಗಳನ್ನ ಎತ್ತರದ ಕಟ್ಟೆ ಮೇಲೆ ಗೊಂಬೆಗಳ ಹಾಗೆ ನಿಲ್ಲಿಸಿ ದೀಪ. ಅದೆಲ್ಲ ಸಾಂಗವಾಗಿ ಆಯ್ತು. ಗುರುವಾರ ರಾತ್ರಿ ಎಂಟೂವರೆಗೆ ಮೊದಲ ಪ್ರಾಕ್ಟೀಸು. ಎಂಟು-ಒಂಬತ್ತು ನಿಮಿಷ ಆಗಿಲ್ಲ, ರಸ್ತೆಯೊಳಗಿನ ನೀರಿನ ವಾಲ್ವಿನ ಮುಚ್ಚಳ ಎದ್ದು ಸ್ಯಾಂಜ್‌ನ ಫೆರಾರಿ ತಳ ಹರಿದುಹಾಕಿತು. ಕಾರಿನ ಬ್ಯಾಟರಿ ಹಾಳು. ತಪ್ಪು ರಸ್ತೆಯದ್ದು, ಆದರೆ ಹೊಸ ಬ್ಯಾಟರಿ ಹಾಕಿದ್ದಕ್ಕೆ 10 ಸ್ಥಾನ ಹಿಂದೆ ಹೋಗು ಅಂತ ಶಿಕ್ಷೆ ಅವನಿಗೇ. ಮುಚ್ಚಳಗಳನ್ನೆಲ್ಲ ಭದ್ರ ಮಾಡಿ ಎರಡನೇ ಪ್ರಾಕ್ಟೀಸ್ ಶುರುವಾಗಿದ್ದು ರಾತ್ರಿ ಎರಡೂವರೆಗೆ. ಅಷ್ಟು ಹೊತ್ತು ಚಳಿಯಲ್ಲಿ ಕಾದ ಜನರನ್ನ ಒಂದೂವರೆಗೇ ಹೊರಗೆ ಕಳಿಸಿಬಿಟ್ಟಿದ್ದರು! ಆ ಒಂದು ದಿನಕ್ಕೆ ಟಿಕೆಟ್ ಕೊಂಡವರಿಗೆ ಆಮೇಲೆ 200 ಡಾಲರ್ ಚೀಟಿ, ಅದೂ ಅವರದೇ ಅಂಗಡಿಯಲ್ಲಿ ಟೋಪಿ ಕೊಳ್ಳೋಕೆ. ಶೇಕಡಾ 99 ಷೋ, 1 ರೇಸು ಅಂತ ವರ್ಸ್ಟಾಪನ್ ಸುಮ್ಮನೆ ಅಂದನಾ?

ಮಗಳು: ಆ ರಾತ್ರಿ ಒಂದೂವರೆ ಗಂಟೆಯ ವಿಷಯ ಬೇರೆ ದೊಡ್ಡಪ್ಪ. ಅದನ್ನ ನಾನು ಹಾಡುಗಾರರ ಮೇಲೆ ಹಾಕಲ್ಲ. ಸೆಕ್ಯೂರಿಟಿಯವರ ಪಾಳಿ, ಬಸ್ ಓಡಿಸೋರ ಪಾಳಿ, ಅದಕ್ಕೆ ಕಾನೂನಿದೆ. ನಾನೇ ಎಷ್ಟೋ ರಾತ್ರಿ ನಿಂತಿದ್ದೀನಿ, ಹದಿನಾರು ಗಂಟೆ ಕೇಬಲ್ ಎಳೆದ ಹುಡುಗನಿಗೆ ಇನ್ನೆರಡು ಗಂಟೆ ನಿಲ್ಲಪ್ಪ ಅಂತ ಹೇಳೋಕೆ ನಾಲಿಗೆ ಏಳಲ್ಲ. ಆಮೇಲೆ ಶನಿವಾರ ಏನಾಯ್ತು ಅದನ್ನೂ ಹೇಳಿ. ಕೊನೇ ಸುತ್ತಿನಲ್ಲಿ ಲೆಕ್ಲೇರ್ ಪೆರೆಜ್‌ನ ಪಕ್ಕದಿಂದ ನುಗ್ಗಿ ಎರಡನೆಯವನಾದ. ಅದೇ ವರ್ಸ್ಟಾಪನ್ ಎಲ್ವಿಸ್ ಥರ ಬಟ್ಟೆ ಹಾಕಿಕೊಂಡು ಗೆದ್ದು ರೇಡಿಯೋದಲ್ಲಿ ಹಾಡಿದ.

ದೊಡ್ಡಪ್ಪ: ಗೆದ್ದವನು ಹಾಡ್ತಾನೆ ಬಿಡು.

ಮಗಳು: ಸರಿ, ಈಗ ನನ್ನ ಕಥೆ ಕೇಳಿ. 2022, ಸಿಂಗಪುರ. ನಾವು ನಾಲ್ಕು ಜನ ಹೋಗಿದ್ದು ಗ್ರೀನ್ ಡೇ ಕೇಳೋಕೆ. ಅಲ್ಲಿ ರೇಸಿನ ಟಿಕೆಟ್ಟಿಗೆ ಪಡಾಂಗ್ ಮೈದಾನದ ಸಂಗೀತವೂ ಸೇರಿರತ್ತೆ. ರೇಸ್ ಅನ್ನೋದು ನಮ್ಮ ಪಾಲಿಗೆ ಬಸ್ಸಿನ ಜೊತೆ ಕೊಟ್ಟ ನೀರಿನ ಬಾಟಲಿ. ಭಾನುವಾರ ಎಂಟು ಗಂಟೆಗೆ ಶುರುವಾಗಬೇಕು. ಆಕಾಶ ಕಿತ್ತುಕೊಂಡು ಬಿತ್ತು ಮಳೆ. ಒಂದು ಗಂಟೆ ಮೇಲೆ ಕಾದ್ವಿ. ಪ್ಲಾಸ್ಟಿಕ್ ಕೋಟು, ಒಳಗೆ ಬೆವರು, ಶೂ ತುಂಬ ನೀರು. ಮೂರು ಜನ ತಿಂಡಿ ಹುಡುಕಿಕೊಂಡು ಹೋದರು. ನನ್ನ ಪಕ್ಕ ಒಬ್ಬ ತಮಿಳು ತಾತ, ಸಿಂಗಪುರದವರೇ, ಕಿವಿಗೆ ರೇಡಿಯೋ ಸಿಕ್ಕಿಸಿಕೊಂಡು ಕೂತಿದ್ದರು. ಬೇಜಾರಿಗೆ ಕೇಳಿದೆ, ಮಳೆ ನಿಂತಮೇಲೂ ಯಾಕೆ ಬಿಡ್ತಿಲ್ಲ ಅಂತ. ಅವರು ನೆಲ ತೋರಿಸಿದರು. ದೀಪ ನೀರಿನಲ್ಲಿ ಎಲ್ಲಿ ಕಾಣತ್ತೆ, ಎಲ್ಲಿ ಕಾಣಲ್ಲ ಅನ್ನೋದನ್ನ ನೋಡ್ತಾ ಇರು. ಕಾಣದ ಜಾಗ ಒಣಗ್ತಿದೆ ಅಂತ ಅರ್ಥ.

ದೊಡ್ಡಪ್ಪ: (ಕೈ ನಿಂತಿತು) ಹೂಂ.

ಮಗಳು: ಒಂಬತ್ತು ಐದಕ್ಕೆ ಬಿಟ್ಟರು. ಎಲ್ಲರದ್ದೂ ಅರೆಮಳೆಯ ಟೈರು, ಇಂಟರ್‌ಮೀಡಿಯೆಟ್. ಇಪ್ಪತ್ತೊಂದನೇ ಸುತ್ತಿನ ಹೊತ್ತಿಗೆ ಕೊನೆಯಲ್ಲಿದ್ದ ರಸೆಲ್ ಧೈರ್ಯ ಮಾಡಿ ಒಣ ಟೈರ್ ಹಾಕಿಕೊಂಡ. ತಾತ ನನ್ನ ಕೈ ಹಿಡಿದು ಎಳೆದರು, ಈ ಹುಡುಗನ ಹಿಂಚಕ್ರ ನೋಡು ಅಂತ. ಅದು ಬಚ್ಚಲಲ್ಲಿ ಕಾಲಿಟ್ಟವರ ಹಾಗೆ ಜಾರ್ತಿತ್ತು. ಉಳಿದ ತಂಡದವರೆಲ್ಲ ಅವನನ್ನೇ ನೋಡಿ, ಇನ್ನೂ ಹೊತ್ತಿದೆ ಅಂತ ಕಾದರು. ಹತ್ತು-ಹದಿನಾಲ್ಕು ಸುತ್ತು ಕಾದರು! ಅಷ್ಟು ಜನ, ಅಷ್ಟು ಕಂಪ್ಯೂಟರು, ಕೊನೆಗೆ ನೋಡ್ತಿರೋದು ನೆಲ ಒಣಗಿತಾ ಅಂತ. ಆಮೇಲೆ ಗ್ರೀನ್ ಡೇ ಏನು ನುಡಿಸಿದರು ಅಂತ ಕೇಳಬೇಡಿ, ನನಗೆ ನೆನಪಿಲ್ಲ.

ದೊಡ್ಡಪ್ಪ: ಹಾಗಾದರೆ ನಿನ್ನನ್ನ ಹಿಡಿದಿದ್ದು ಬ್ಯಾಂಡಲ್ಲ. ಮಳೆ.

ಮಗಳು: ಮಳೆಗೆ ಸಿಕ್ಕಿಕೊಳ್ಳೋ ಜಾಗಕ್ಕೆ ಕರಕೊಂಡು ಹೋಗಿದ್ದು ಬ್ಯಾಂಡು.

ದೊಡ್ಡಪ್ಪ: ಆ ಮೂವರು?

ಮಗಳು: ಈಗ ನೋಡಲ್ಲ. ಫೋಟೋ ಹಾಕಿದರು, ಮರೆತರು.

ದೊಡ್ಡಪ್ಪ: ನಾಲ್ಕಕ್ಕೆ ಒಂದು! ಅಷ್ಟು ಖರ್ಚು, ಅಷ್ಟು ಗದ್ದಲ, ಗಿಟ್ಟಿದ್ದು ನಾಲ್ಕಕ್ಕೆ ಒಂದು.

ಮಗಳು: ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಪವರ್ ಕೊಡೋ ಸ್ಟ್ರೋಕ್ ಎಷ್ಟು?

ದೊಡ್ಡಪ್ಪ: ಒಂದು. ಮಿಕ್ಕ ಮೂರು ಗಾಳಿ ಎಳೆಯೋಕೆ, ಒತ್ತೋಕೆ, ಹೊಗೆ ಉಗುಳೋಕೆ. ಅದಕ್ಕೇ ನಾನು ಟೂ ಸ್ಟ್ರೋಕ್ ಬಿಡಲಿಲ್ಲ.

ಮಗಳು: ಆ ಟೂ ಸ್ಟ್ರೋಕನ್ನ ಹೊಗೆ ಅಂತ ಜಗತ್ತೇ ಬಿಟ್ಟಿತು.

ಇಲ್ಲಿ ನಾನು ಜೋರಾಗಿ ನಕ್ಕೆ. ನಗಬಾರದಿತ್ತು, ಯಾಕೆಂದರೆ ಬಿಚ್ಚಿಬಿದ್ದಿದ್ದೂ ಒಂದು ಟೂ ಸ್ಟ್ರೋಕೇ. ದೊಡ್ಡಪ್ಪ ಎದ್ದು ಕೈ ಒರೆಸಿಕೊಂಡು ಷಟರಿನ ಹತ್ತಿರ ಹೋಗಿ ನಿಂತರು. ತಿರುಗಿದಾಗ ಧ್ವನಿ ಬೇರೆಯಾಗಿತ್ತು.

ದೊಡ್ಡಪ್ಪ: ನೋಡಮ್ಮ, ಹೊರಗೆ ನಿಂತು ಕರೆಯೋದು ಒಂದು. ಕರೆದು ಕರೆದು ಒಳಗೇ ಬಂದುಬಿಡೋದು ಇನ್ನೊಂದು. ಫಾರ್ಮುಲಾ ಇ ಶುರುವಾದಾಗ ಫ್ಯಾನ್‌ಬೂಸ್ಟ್ ಅಂತ ಇಟ್ಟಿದ್ದರಲ್ಲ? ಮನೇಲಿ ಕೂತವರು ಮೊಬೈಲಲ್ಲಿ ವೋಟ್ ಹಾಕೋದು, ಜಾಸ್ತಿ ವೋಟ್ ಬಿದ್ದ ಡ್ರೈವರಿಗೆ ರೇಸಿನ ನಡುವೆ ಹೆಚ್ಚು ಪವರ್. ರೇಸೋ, ಸಂಗೀತದ ರಿಯಾಲಿಟಿ ಷೋನೋ?

ಮಗಳು: ತೆಗೆದುಹಾಕಿದರಲ್ಲ. 2022ರ ಸೀಸನ್ನೇ ಕೊನೆ.

ದೊಡ್ಡಪ್ಪ: ಎಂಟು ಸೀಸನ್ ಆದಮೇಲೆ. ಎಫ್-1ನೇ ನೋಡು. 2021ರ ಡಿಸೆಂಬರ್ 12, ಅಬುಧಾಬಿ. ಇಡೀ ವರ್ಷದ ಚಾಂಪಿಯನ್‌ಷಿಪ್ಪು ಕೊನೇ ರೇಸಿಗೆ ಬಂದಿತ್ತು. ಸೇಫ್ಟಿ ಕಾರು ಓಡ್ತಿದೆ, ಸುತ್ತುಗಳು ಮುಗೀತಿವೆ. ರೇಸ್ ಡೈರೆಕ್ಟರ್ ಮಧ್ಯೆ ಸಿಕ್ಕಿಕೊಂಡಿದ್ದ ಐದೇ ಕಾರುಗಳನ್ನ ಮುಂದೆ ಬಿಟ್ಟು, ಒಂದೇ ಒಂದು ಸುತ್ತಿಗೆ ಹಸಿರು ಬಾವುಟ ಕೊಟ್ಟ. ಹ್ಯಾಮಿಲ್ಟನ್ ಸೋತ, ವರ್ಸ್ಟಾಪನ್ ಗೆದ್ದ. ಆಮೇಲೆ ಅವನನ್ನ ಆ ಹುದ್ದೆಯಿಂದ ತೆಗೆದರು, ಮಾನವ ದೋಷ ಅಂತ ವರದಿಯೂ ಬಂತು. ಅವನು ಕೆಟ್ಟವನು ಅಂತ ನಾನು ಹೇಳಲ್ಲ. ಸೇಫ್ಟಿ ಕಾರಿನ ಹಿಂದೆ ಮೆರವಣಿಗೆ ಥರ ಮುಗಿದರೆ ನೋಡೋರಿಗೆ ಸಪ್ಪೆ ಅನ್ನೋ ಚಿಂತೆ ಎಲ್ಲರ ತಲೇಲೂ ಇತ್ತು. ಆ ಚಿಂತೆ ಯಾರದ್ದು, ರೇಸಿನವರದ್ದಾ, ನಿಮ್ಮವರದ್ದಾ?

ಮಗಳು: (ಸ್ವಲ್ಪ ಹೊತ್ತು ಬಿಟ್ಟು) ನಮ್ಮವರದ್ದು. ಆದರೆ ನಿಮ್ಮ ಶುದ್ಧ ರೇಸಿನ ದಾರಿ ಎಲ್ಲಿಗೆ ಹೋಗತ್ತೆ ಅಂತಲೂ ನೋಡಿ. ಅದೇ ವರ್ಷ ಆಗಸ್ಟಿನಲ್ಲಿ ಬೆಲ್ಜಿಯಂನ ಸ್ಪಾ. ಮಳೆ. ಜನ ಗಂಟೆಗಟ್ಟಲೆ ಗುಡ್ಡದ ಕೆಸರಲ್ಲಿ ಕೂತರು. ಕೊನೆಗೆ ಸೇಫ್ಟಿ ಕಾರಿನ ಹಿಂದೆ ನಾಲ್ಕು ಹೆಜ್ಜೆ ನಡೆಸಿ, ಅರ್ಧ ಅಂಕ ಕೊಟ್ಟು, ಮುಗೀತು ಮನೆಗೆ ಹೋಗಿ ಅಂದರು. ಅವರಿಗೆ ಒಂದು ಹಾಡಾದರೂ ಸಿಗಬಾರದಿತ್ತಾ?

ದೊಡ್ಡಪ್ಪ ಉತ್ತರಕ್ಕೆ ನನ್ನ ಕಡೆ ನೋಡಿದರು. ನೀವು ಕರಾವಳಿಯವರಲ್ಲವಾ, ಕಂಬಳ ಏನು ಹೇಳತ್ತೆ, ಎಂದರು. 2023ರ ನವೆಂಬರಿನಲ್ಲೇ, ವೇಗಸ್ ಮುಗಿದ ಮರುವಾರ, ಅದೇ ಅರಮನೆ ಮೈದಾನದಲ್ಲಿ ಬೆಂಗಳೂರು ಕಂಬಳ ನಡೆದಿತ್ತು. ದೊಡ್ಡ ವೇದಿಕೆ, ಸಿನಿಮಾ ತಾರೆಯರು, ತಿಂಡಿ ಮಳಿಗೆಗಳ ಸಾಲು. ಊರಿನ ಹಿರಿಯರಲ್ಲಿ ಕೆಲವರಿಗೆ ಅದು ಸರಿಬರಲಿಲ್ಲ. ದೈವದ ಗದ್ದೆ ಬಿಟ್ಟು ಕಂಬಳ ಎಲ್ಲಿದೆ ಎಂಬುದು ಅವರ ಮಾತು. ನಾನು ಹೋಗಿದ್ದೆ. ನನ್ನ ಪಕ್ಕ ಬೆಂಗಳೂರಿನ ಒಬ್ಬ ಹುಡುಗ ಮೊಬೈಲ್ ಎತ್ತಿ ಹಿಡಿದು ನಿಂತಿದ್ದ. ಕನೆಹಲಗೆ ಬಂದಾಗ, ಯಾರು ಗೆದ್ದದ್ದು, ಇಲ್ಲಿ ಒಂದೇ ಜೋಡಿ ಓಡಿತಲ್ಲ ಎಂದು ಕೇಳಿದ. ಇಲ್ಲಿ ವೇಗಕ್ಕೆ ಬಹುಮಾನ ಇಲ್ಲ, ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ಬಟ್ಟೆಯ ನಿಶಾನೆಗೆ ತಾಗಬೇಕು, ಆರೂವರೆ ಕೋಲು ಒಂದು, ಏಳೂವರೆ ಕೋಲು ಇನ್ನೊಂದು ಎಂದೆ. ಮುಂದಿನ ಜೋಡಿ ಬಂದಾಗ ಅವನು ಮೊಬೈಲ್ ಕೆಳಗಿಳಿಸಿ ಬಟ್ಟೆಯನ್ನೇ ನೋಡುತ್ತಿದ್ದ. ಇಷ್ಟನ್ನು ಹೇಳಿದೆ. ಇಬ್ಬರೂ ಇದನ್ನು ತಮ್ಮ ತಮ್ಮ ವಾದಕ್ಕೆ ಸೇರಿಸಿಕೊಂಡರು.

ದೊಡ್ಡಪ್ಪ: ಕೇಳಿದೆಯಾ? ನೀರು ಹಾರಿಸೋದು ಕಂಬಳದ್ದೇ. ಕೋಣ, ಹಲಗೆ, ಕೆಸರು, ಅದರೊಳಗಿಂದಲೇ ಬಂದ ಚಂದ.

ಮಗಳು: ಕೇಳಿದೆ. ಓಟದೊಳಗೇ ನೋಡೋರಿಗೋಸ್ಕರ ಒಂದು ಬಹುಮಾನ ಇಟ್ಟಿದ್ದಾರೆ, ನಮ್ಮ ಹಿರಿಯರು. ಆಮೇಲೆ ನಮ್ಮ ಕಡೆಯವರೇ ಒಬ್ಬರನ್ನ ತಗೊಳ್ಳಿ. ಉಡುಪಿಯ ಕೆ.ಪಿ. ಅರವಿಂದ್. 2019ರಲ್ಲಿ ಪೆರುವಿನ ಮರಳಿನಲ್ಲಿ ಡಕಾರ್ ರ‍್ಯಾಲಿ ಪೂರ್ತಿ ಮುಗಿಸಿ ಬಂದವರು. ಅದೆಷ್ಟು ಕಷ್ಟ ಅಂತ ನಿಮಗೆ ನಾನು ಹೇಳಬೇಕಾ? ನಮ್ಮಮ್ಮನಿಗೆ ಅವರು ಯಾರು ಅಂತ ಗೊತ್ತಾಗಿದ್ದು 2021ರಲ್ಲಿ, ಬಿಗ್ ಬಾಸ್‌ಗೆ ಬಂದಾಗ.

ದೊಡ್ಡಪ್ಪ: ನಿಮ್ಮಮ್ಮ ಈಗ ಡಕಾರ್ ನೋಡ್ತಾಳಾ?

ಮಗಳು: ಇಲ್ಲ.

ದೊಡ್ಡಪ್ಪ: ಮತ್ತೆ?

ಮಗಳು: ಆದರೆ ನಾನು ರಾತ್ರಿ ಎರಡು ಗಂಟೆಗೆ ಟ್ರ್ಯಾಕಿನಿಂದ ಬಂದರೆ ಈಗ ಬೈಯಲ್ಲ. ಅರವಿಂದ್ ಥರದ್ದಾ ಅಂತ ಕೇಳ್ತಾಳೆ. ಅದು ಸಣ್ಣದಲ್ಲ ದೊಡ್ಡಪ್ಪ. ನಮ್ಮ ಬೆಂಗಳೂರಿನ ಕುಶ್ ಮೈನಿ 2025ರ ಮೇನಲ್ಲಿ ಮೊನಾಕೊದಲ್ಲಿ ಎಫ್-2 ಸ್ಪ್ರಿಂಟ್ ರೇಸ್ ಗೆದ್ದ ದಿನ ಈ ಬೀದಿಯಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು?

ದೊಡ್ಡಪ್ಪ: ಇಬ್ಬರಿಗೆ. ನನಗೆ, ಆ ಪಂಕ್ಚರ್ ಅಂಗಡಿ ಹುಡುಗನಿಗೆ. ಅವನಿಗೂ ನಾನೇ ಹೇಳಿದ್ದು.

ಮಗಳು: ಅದೇ ವರ್ಷ ನಟ ಸುದೀಪ್ ಬೆಂಗಳೂರಿನ ರೇಸಿಂಗ್ ತಂಡ ತಗೊಂಡಾಗ?

ದೊಡ್ಡಪ್ಪ: ಬೀದಿಗೆಲ್ಲ ಗೊತ್ತಾಯ್ತು. ಕಾರಿಗೆ ಎಷ್ಟು ಗೇರು ಅಂತ ಒಬ್ಬನೂ ಕೇಳಲಿಲ್ಲ.

ಮಗಳು: ಕೇಳೋಕೆ ಅಲ್ಲಿ ಯಾರಿದ್ದರು? ನನಗೆ ಸಿಂಗಪುರದಲ್ಲಿ ಆ ತಾತ ಸಿಕ್ಕರು. ಆ ಮೂವರಿಗೆ ಸಿಗಲಿಲ್ಲ. ಸಂಗೀತಕ್ಕೆ ಬಂದವರ ಪಕ್ಕ ಯಾರು ಕೂರ್ತಾರೆ ಅನ್ನೋದನ್ನ ಯಾವ ಟಿಕೆಟ್ಟಿನಲ್ಲೂ ಬರೆದಿರಲ್ಲ. ಕೊಯಮತ್ತೂರಿಗೆ ನೀವು ಬನ್ನಿ. ಬ್ಯಾಂಡಿಗೆ ಅಂತ ಬೇಗ ಬಂದಿರೋ ಹುಡುಗರು ಮಧ್ಯಾಹ್ನವೆಲ್ಲ ಸ್ಟ್ಯಾಂಡಿನಲ್ಲಿ ಬೇಜಾರಾಗಿ ಕೂತಿರ್ತಾರೆ. ಅವರ ನಡುವೆ ಕೂತುಕೊಳ್ಳಿ.

ದೊಡ್ಡಪ್ಪ: ಕೂತು?

ಮಗಳು: ಏನೂ ಬೇಡ. ಇಲ್ಲಿ ಮಾಡೋದನ್ನೇ ಮಾಡಿ. ಬೈಕೊಳ್ಳಿ.

ದೊಡ್ಡಪ್ಪ: ಮೈಕು ಗೀಕು ಕೊಟ್ಟೀಯೆ ಮತ್ತೆ.

ಮಗಳು: ಕೊಡಲ್ಲ.

ದೊಡ್ಡಪ್ಪ: ಬ್ಯಾಂಡು ಎಷ್ಟು ಹೊತ್ತಿಗೆ?

ಮಗಳು: ಆರೂವರೆಗೆ.

ದೊಡ್ಡಪ್ಪ: ಕೊನೇ ರೇಸು ತಡ ಆದರೆ?

ಮಗಳು: ಬ್ಯಾಂಡು ಕಾಯತ್ತೆ.

ದೊಡ್ಡಪ್ಪ: ಬರೆದುಕೊಡ್ತಾರಾ?

ಮಗಳು ಏನೂ ಹೇಳಲಿಲ್ಲ. ಫೋನ್ ತೆಗೆದು ಯಾರಿಗೋ ಮೆಸೇಜ್ ಮಾಡತೊಡಗಿದಳು, ಒಂದು ಸಾಲು ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು. ದೊಡ್ಡಪ್ಪ ತಟ್ಟೆಯ ಮುಂದೆ ಕೂತು ಫ್ಲೋಟಿನ ಸೂಜಿ ಹುಡುಕಿದರು. ಮಾತಿನ ಬಿಸಿಯಲ್ಲಿ ಅದನ್ನು ಎಲ್ಲಿಟ್ಟರೋ ಅವರಿಗೇ ಗೊತ್ತಿರಲಿಲ್ಲ. ಮೂವರೂ ನೆಲದ ಮೇಲೆ ಮೊಣಕಾಲೂರಿ ಟಾರ್ಚ್ ಹಾಕಿ ನೋಡಿದೆವು. ಸಿಗಲಿಲ್ಲ. ಹೊರಗೆ ಕತ್ತಲಾಗಿತ್ತು.

“ನನ್ನ ಗಾಡಿ?” ಎಂದೆ.

“ನಾಳೆ ಬಾರಯ್ಯ” ಎಂದರು ದೊಡ್ಡಪ್ಪ.